ನಮ್ಮ ಚಿಕ್ಕ ಫ್ರೀರೈಡ್ ಸ್ಪರ್ಧೆ: ಅಣ್ಣನ ಮಗಳು ಇಳಿಯುವಾಗ ನಾನು ಜಡ್ಜ್ ಆಗಬಹುದಾ?

ಕೆಳಗಿನಿಂದ ನೋಡುವವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಇನ್ನು ಮೂರು ವಾರದೊಳಗೆ ಹೂಂ ಅಥವಾ ಇಲ್ಲ ಅಂತ ಹೇಳಬೇಕು. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ನಮ್ಮ ಬೆಟ್ಟದಲ್ಲಿ ಪ್ರತಿ ಚಳಿಗಾಲದ ಕೊನೆಗೆ ಒಂದು ಚಿಕ್ಕ ಫ್ರೀರೈಡ್ ಸ್ಕೀ ಸ್ಪರ್ಧೆ ನಡೆಯುತ್ತದೆ. ಕಳೆದ ಸಲ 38 ಜನ ಇಳಿದರು. ಒಂದೇ ದಿನ, ಒಂದೇ ಇಳಿಜಾರು, ಒಬ್ಬರಿಗೆ ಒಂದೇ ಅವಕಾಶ. ಮೇಲೆ ಸ್ಟಾರ್ಟ್ ಗೇಟ್ ಅಂದರೆ ಎರಡು ಬಿದಿರು ಕೋಲು. ಕೆಳಗೆ ಫಿನಿಶ್ ಅಂದರೆ ಇನ್ನೆರಡು. ನಡುವೆ ಕೋಲೂ ಇಲ್ಲ, ಬಾವುಟವೂ ಇಲ್ಲ. ಯಾವ ಬಂಡೆಯ ಪಕ್ಕ ಹೋಗಬೇಕು, ಎಲ್ಲಿ ಹಾರಬೇಕು ಅನ್ನೋದನ್ನು ಇಳಿಯುವವರೇ ಆರಿಸಬೇಕು. ಹಿಂದಿನ ದಿನ ಕೆಳಗೆ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ ಲೈನ್, ಅಂದರೆ ಇಳಿಯುವ ದಾರಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಳಿಜಾರಿನ ಮೇಲೆ ಸ್ಕೀ ಹಾಕಿ ನೋಡುವ ಹಾಗಿಲ್ಲ. ಕೆಳಗಿನಿಂದ ನೋಡಿದಾಗ ಚಿಕ್ಕದಾಗಿ ಕಂಡ ಬಂಡೆ ಮೇಲಿನಿಂದ ಕಾಣುವುದೇ ಇಲ್ಲ. ಬರೀ ಒಂದು ಅಂಚು, ಆಚೆ ಆಕಾಶ.

ಇದನ್ನು ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ್ದು ನಮ್ಮಣ್ಣ. ಹೆಸರು ಬರೆದುಕೊಳ್ಳುವುದು, ಬಿಬ್ (ಎದೆಯ ಮೇಲೆ ಹಾಕುವ ನಂಬರ್ ಬಟ್ಟೆ) ಹಂಚುವುದು ಅತ್ತಿಗೆ. ಫಿನಿಶ್‌ನಲ್ಲಿ ಯಾರು ಬಂದರು, ಯಾರು ಇನ್ನೂ ಮೇಲಿದ್ದಾರೆ ಅಂತ ಗುರುತು ಹಾಕುವುದು ನಮ್ಮಪ್ಪ. ಅವರಿಗೆ 74. ವಾಕಿಟಾಕಿಗಳು ಹಿಂದಿನ ರಾತ್ರಿ ಚಾರ್ಜ್ ಆಗುವುದು ನಮ್ಮಮ್ಮನ ಅಡುಗೆಮನೆಯಲ್ಲಿ. ಮೂರು ಜನ ಜಡ್ಜ್‌ಗಳಲ್ಲಿ ಒಬ್ಬ ಅತ್ತಿಗೆಯ ತಮ್ಮ. ನಮ್ಮ ಮನೆ ಮಾತ್ರ ಅಲ್ಲ. ಆ 38 ಜನರಲ್ಲಿ ಹದಿನಾರು ಜನ ಒಬ್ಬರಿಗೊಬ್ಬರು ಅಣ್ಣ ತಮ್ಮ, ಅಪ್ಪ ಮಗ, ಇಲ್ಲಾ ದೊಡ್ಡಪ್ಪನ ಮಕ್ಕಳು.

ಇನ್ನಿಬ್ಬರು ಜಡ್ಜ್‌ಗಳಲ್ಲಿ ಒಬ್ಬರಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಅವರ ಜಾಗಕ್ಕೆ ನನ್ನನ್ನು ಕರೆದಿದ್ದಾರೆ. ನಾನು ಎಂಟು ವರ್ಷ ಇದೇ ಸ್ಪರ್ಧೆಯಲ್ಲಿ ಇಳಿದವಳು. ಆ ಇಳಿಜಾರಿನ ಒಂದೊಂದು ಕಲ್ಲೂ ಗೊತ್ತು.

ತೊಂದರೆ ಏನೆಂದರೆ ಅಣ್ಣನ ಮಗಳು. ಅವಳಿಗೆ 15. ಕಳೆದ ವರ್ಷ ಹುಡುಗಿಯರ ವಿಭಾಗದಲ್ಲಿ 68.7 ಬಂದು ಮೊದಲನೆಯವಳಾದಳು. ಎರಡನೆಯವಳಿಗೆ 68.3. ಫಲಿತಾಂಶದ ಹಾಳೆ ಅಂಟಿಸಿದಾಗ ಆ ಹುಡುಗಿಯ ತಾಯಿ ಮಗಳ ಜಾಕೆಟ್ಟಿನ ಜಿಪ್ ಎಳೆಯುತ್ತಾ "ಎಲ್ಲಾ ಒಂದೇ ಮನೆಯವರು ಅಲ್ವಾ" ಅಂದರು. ಜೋರಾಗಿ ಅಲ್ಲ, ತಮಗೆ ತಾವೇ ಹೇಳಿಕೊಂಡ ಹಾಗೆ. ನಾನು ಹಿಂದೆಯೇ ನಿಂತಿದ್ದೆ. ಅಣ್ಣನ ಮಗಳೂ ನಿಂತಿದ್ದಳು. ಆ ಸಂಜೆ ಅವಳು ಪದಕವನ್ನು ಕತ್ತಿನಿಂದ ತೆಗೆದು ಬೂಟಿನ ಚೀಲದೊಳಗೆ ಹಾಕಿದಳು. ಅಲ್ಲಿಂದ ಅದು ಹೊರಗೆ ಬಂದಿದ್ದು ನಾನು ನೋಡಿಲ್ಲ.

ಅವಳಿಗೆ ಮೋಸದಿಂದ ಯಾರೂ ಜಾಸ್ತಿ ಕೊಡಲಿಲ್ಲ. ಅದು ನನಗೆ ಖಚಿತ. ನನ್ನ ಭಯ ಬೇರೆ. ಕಳೆದ ವರ್ಷ ನಾನು ಸುಮ್ನೆ ಅಭ್ಯಾಸಕ್ಕೆ ಅಂತ ಜಡ್ಜ್‌ಗಳ ಹಿಂದೆ ಕೂತು ಎಲ್ಲರಿಗೂ ಅಂಕ ಬರೆದೆ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಹಾಳೆ. ಅದರ ಮೇಲೆ ಇಳಿಜಾರಿನ ಫೋಟೋ ಇರುತ್ತದೆ. ಸ್ಕೀಯರ್ ಇಳಿಯುತ್ತಿದ್ದ ಹಾಗೆ ಅವರ ದಾರಿಯನ್ನು ಪೆನ್ಸಿಲ್‌ನಲ್ಲಿ ಆ ಫೋಟೋ ಮೇಲೆ ಎಳೆಯಬೇಕು. (ಪೆನ್ನು ಆ ಚಳಿಗೆ ಬರೆಯುವುದಿಲ್ಲ.) 37 ಹಾಳೆಗಳಲ್ಲಿ ಗೆರೆ ಮೇಲಿನಿಂದ ಕೆಳಗಿನ ತನಕ ಇದೆ. ಅವಳ ಹಾಳೆಯಲ್ಲಿ ಗೆರೆ ನಡುವೆಯೇ ನಿಂತಿದೆ, ಎರಡನೇ ಬಂಡೆಯ ಹತ್ತಿರ. ಅಲ್ಲಿಂದ ಮುಂದೆ ನಾನು ಲೈನ್ ನೋಡಲೇ ಇಲ್ಲ. ಅವಳ ಮೊಣಕಾಲು ನೋಡುತ್ತಿದ್ದೆ.

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಹೀಗಿರುವಾಗ ನಾನು ಆ ಕುರ್ಚಿಯಲ್ಲಿ ಕೂರಬಹುದಾ? ಅವಳ ಸರದಿ ಬಂದಾಗ ಮಾತ್ರ ಅಂಕ ಕೊಡದೆ ಸುಮ್ಮನಿದ್ದರೆ ಸಾಕಾ? ಬೇರೆ ಚಿಕ್ಕ ಸ್ಪರ್ಧೆಗಳಲ್ಲಿ ಹೇಗೆ ಮಾಡುತ್ತಾರೆ? ಇನ್ನೊಂದು ಮಾತು. ಬೆಳಿಗ್ಗೆ ಇಳಿಜಾರು ಸುರಕ್ಷಿತವಾಗಿದೆ, ಶುರು ಮಾಡಬಹುದು ಅಂತ ಹೇಳುವುದೂ ಅಣ್ಣನೇ. ಅದೂ ಸರಿಯಾ ಅಂತ ಈಗ ಅನಿಸುತ್ತಿದೆ.

ಹಳೇ ಜಡ್ಜ್

ಮೇಡಂ, ಇಪ್ಪತ್ತು ವರ್ಷ ಬೇರೆ ಕಡೆ ಇಂಥದೇ ಕುರ್ಚಿಯಲ್ಲಿ ಕೂತಿದ್ದೇನೆ. ದೊಡ್ಡ ಸ್ಪರ್ಧೆ ಅಲ್ಲ, ನಿಮ್ಮದರಂಥವೇ ಜಾಸ್ತಿ. ನೀವು ಕೇಳಿದ "ಅವಳ ಸರದಿಯಲ್ಲಿ ಮಾತ್ರ ಸುಮ್ಮನಿದ್ದರೆ ಸಾಕಾ" ಅನ್ನೋದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಸಾಕಾಗುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡಿದವರನ್ನು ನೋಡಿದ್ದೇನೆ. ಅದರಿಂದ ಅನ್ಯಾಯವೇ ಆಯಿತು.

ಲೆಕ್ಕ ನೋಡಿ. ಮೂರು ಜನ ಜಡ್ಜ್. ಒಂದೇ ಮಟ್ಟದ ಇಳಿತಕ್ಕೆ ಮೊದಲನೆಯವರು 70 ಕೊಡುತ್ತಾರೆ, ಎರಡನೆಯವರು 68. ಮೂರನೆಯವರು ನೀವು, ಕೈ ಸ್ವಲ್ಪ ಬಿಗಿ ಅಂದುಕೊಳ್ಳೋಣ, 57 ಕೊಡುತ್ತೀರಿ. ಸರಾಸರಿ 65. ಎಲ್ಲ ಹುಡುಗಿಯರಿಗೂ ಹೀಗೆ ಬರುತ್ತದೆ. ನಿಮ್ಮ ಅಣ್ಣನ ಮಗಳು ಅಷ್ಟೇ ಚೆನ್ನಾಗಿ ಇಳಿದಳು, ನೀವು ಪೆನ್ಸಿಲ್ ಕೆಳಗಿಟ್ಟಿರಿ. ಇಬ್ಬರ ಸರಾಸರಿ 69. ನೀವು ಏನೂ ಮಾಡದೇ ಇದ್ದುದರಿಂದಲೇ ಅವಳಿಗೆ ನಾಲ್ಕು ಅಂಕ ಸಿಕ್ಕಿತು. ನಿಮ್ಮ ಕೈ ಧಾರಾಳವಾಗಿದ್ದರೆ ಉಲ್ಟಾ, ಅವಳಿಗೆ ನಷ್ಟ. ಕಳೆದ ವರ್ಷ ನಿಮ್ಮಲ್ಲಿ ಮೊದಲ ಇಬ್ಬರ ನಡುವೆ ಇದ್ದದ್ದು 0.4. ಹಾಗಾಗಿ ಬಿಡುವುದಾದರೆ ಹುಡುಗಿಯರ ವಿಭಾಗ ಪೂರ್ತಿ ಬಿಡಿ. ಆ ವಿಭಾಗಕ್ಕೆ ಬೇರೆ ಯಾರನ್ನಾದರೂ ಕೂರಿಸಿ. ಬೇರೆ ಬೆಟ್ಟದ ಕೋಚ್ ಯಾರಾದರೂ ಮಕ್ಕಳನ್ನು ಕರೆದುಕೊಂಡು ಬಂದೇ ಇರುತ್ತಾರೆ. ಅವರ ಮಕ್ಕಳು ಹುಡುಗರ ವಿಭಾಗದಲ್ಲಿದ್ದರೆ ಅದಲು ಬದಲು ಮಾಡಿಕೊಳ್ಳಬಹುದು.

ಹೊಸಬರು ಓದುತ್ತಿದ್ದರೆ ಅವರಿಗಾಗಿ ಇದನ್ನೂ ಹೇಳಿಬಿಡುತ್ತೇನೆ. ಫ್ರೀರೈಡ್‌ನಲ್ಲಿ ಗಡಿಯಾರ ಇಲ್ಲ. 100ಕ್ಕೆ ಅಂಕ. ನೋಡುವುದು ಐದು ವಿಷಯ: ಆರಿಸಿದ ಲೈನ್ ಎಷ್ಟು ಕಷ್ಟದ್ದು, ಹಿಡಿತ ಎಷ್ಟಿತ್ತು, ತಡೆಯಿಲ್ಲದೆ ಹರಿದು ಬಂದರಾ, ಹಾರಿದ್ದು ಮತ್ತು ಇಳಿದದ್ದು ಹೇಗೆ, ಸ್ಕೀ ಮಾಡುವ ತಂತ್ರ ಎಂಥದ್ದು. ಇವನ್ನು ಬೇರೆ ಬೇರೆ ಕೂಡಿಸುವುದಿಲ್ಲ. ಇಡೀ ಇಳಿತ ನೋಡಿ ಒಂದು ಅಂಕ ಬರೆಯುತ್ತೇವೆ. ಮೊದಲು ಇಳಿದವರಿಗೆ ಕೊಟ್ಟ ಅಂಕವೇ ಅಳತೆಕೋಲು. ಆಮೇಲೆ ಬಂದವರನ್ನೆಲ್ಲ ಅದಕ್ಕೆ ಹೋಲಿಸುತ್ತೇವೆ. ಹೋಲಿಕೆಯೇ ಆಧಾರ ಆಗಿರುವುದರಿಂದ ಒಬ್ಬ ಜಡ್ಜ್ ನಡುವೆ ಎದ್ದು ಹೋಗಿ ಮತ್ತೆ ಬಂದರೆ ಆ ಅಳತೆಯೇ ಅಲುಗಾಡುತ್ತದೆ.

ಇನ್ನೊಂದು ಅಭ್ಯಾಸ ದಯವಿಟ್ಟು ಮಾಡಿ. ಮೂವರೂ ಅಂಕ ಬರೆದ ಮೇಲೆಯೇ ಬಾಯಿ ಬಿಡಬೇಕು. "ಅಬ್ಬಾ, ಏನು ಹಾರಿದಳು" ಅಂತ ಒಬ್ಬರು ಉದ್ಗಾರ ತೆಗೆದರೆ ಮುಗಿಯಿತು, ಪಕ್ಕದವರ ಪೆನ್ಸಿಲ್ ಎರಡು ಅಂಕ ಮೇಲೆ ಹೋಗುತ್ತದೆ.

ನಿಮ್ಮ ಆ ಅರ್ಧ ಗೆರೆಯ ಹಾಳೆಯ ಬಗ್ಗೆ. ನಾನು ನನ್ನ ಮಗನಿಗೆ ಒಂದು ಸಲ ಅಂಕ ಕೊಟ್ಟಿದ್ದೇನೆ. ಬೇರೆ ಇಬ್ಬರೂ 70ರ ಮೇಲೆ ಕೊಟ್ಟಿದ್ದರು. ನಾನು 61 ಬರೆದಿದ್ದೆ. ಪಕ್ಷಪಾತ ಅನ್ನಬಾರದು ಅಂತ ನನಗೆ ಗೊತ್ತಿಲ್ಲದೆಯೇ ಕೆಳಗೆ ಎಳೆದಿದ್ದೆ. ಅವನು ಮೂರನೇ ಸ್ಥಾನ ಕಳೆದುಕೊಂಡ. ಇವತ್ತಿಗೂ ಆ 61 ನನ್ನನ್ನು ಚುಚ್ಚುತ್ತದೆ.

ಇಬ್ಬರು ಮಕ್ಕಳ ಅಪ್ಪ

ಅಕ್ಕ, ಹಳೇ ಜಡ್ಜ್ ಸರ್ ಹೇಳಿದ ಲೆಕ್ಕ ಒಪ್ಪುತ್ತೇನೆ. ಆದರೆ ನಿಮ್ಮ ಬರಹದಲ್ಲಿ ಒಂದು ಸಂಕೋಚ ಕಾಣುತ್ತಿದೆ. ನಮ್ಮ ಮನೆಯವರೇ ತುಂಬಿಕೊಂಡಿದ್ದೇವೆ ಅನ್ನೋ ನಾಚಿಕೆ. ಅದು ಬೇಡ.

ನಿಮ್ಮ ಅಪ್ಪ, ಅಮ್ಮ, ಅತ್ತಿಗೆ, ಅತ್ತಿಗೆಯ ತಮ್ಮ ಇವರನ್ನೆಲ್ಲ ತೆಗೆದುಬಿಡಿ. ಏನು ಉಳಿಯುತ್ತದೆ? ನಾಲ್ಕು ಬಿದಿರು ಕೋಲು. ಬೆಳಿಗ್ಗೆ ಐದಕ್ಕೆ ಎದ್ದು, ಹೆಗಲ ಮೇಲೆ ಹಗ್ಗ ಹೊತ್ತುಕೊಂಡು, ದುಡ್ಡೂ ಇಲ್ಲದೆ ಮೇಲೆ ಹತ್ತುವುದಕ್ಕೆ ಬೇರೆ ಯಾರು ಬರುತ್ತಾರೆ ಹೇಳಿ? ನಮ್ಮಲ್ಲೂ ಅಷ್ಟೇ. ನನ್ನ ದೊಡ್ಡವನು ಇಳಿಯುತ್ತಾನೆ, ಚಿಕ್ಕವಳು ಬಿಬ್ ಎಣಿಸುತ್ತಾಳೆ, ನನ್ನ ಹೆಂಡತಿ ಪ್ರಥಮ ಚಿಕಿತ್ಸೆಯ ಚೀಲ ಹಿಡಿದು ನಿಲ್ಲುತ್ತಾಳೆ.

ಈ ಆಟವೇ ಮನೆಗಳಿಂದ ಬಂದದ್ದು. 1991ರಲ್ಲಿ ಅಲಾಸ್ಕಾದ ವಾಲ್ಡೀಜ್‌ನಲ್ಲಿ ಮೊದಲ ವಿಶ್ವ ಎಕ್ಸ್‌ಟ್ರೀಮ್ ಸ್ಕೀ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವರು ಡಗ್ ಕೂಂಬ್ಸ್. ಆಮೇಲೆ ಅವರೂ ಹೆಂಡತಿ ಎಮಿಲಿಯೂ ಸೇರಿ ಅಲ್ಲೇ ಹೆಲಿಕಾಪ್ಟರ್ ಸ್ಕೀ ಗೈಡ್ ಕೆಲಸ ಶುರು ಮಾಡಿದರು. 1996ರಲ್ಲಿ ಫ್ರೀಸ್ಕೀ ಮಾಡುವವರ ಅಂತರರಾಷ್ಟ್ರೀಯ ಸಂಘ ಕಟ್ಟಿದ ಶೇನ್ ಮೆಕಾಂಕಿಯವರ ಅಪ್ಪ ಜಿಮ್ ಕೆನಡಾದಲ್ಲಿ ಹೆಸರಾದ ಸ್ಕೀಯರ್. ತಾಯಿ ಗ್ಲೆನ್ ಕೂಡ ಸ್ಕೀ ರೇಸರ್. ಸ್ನೋಬೋರ್ಡ್ ಕಡೆ ನೋಡಿದರೆ ಫ್ರಾನ್ಸಿನ ಪಿರನೀಸ್ ಬೆಟ್ಟಗಳ ದ ಲ ರೂ ಸಹೋದರರು. ದೊಡ್ಡವರು ಕ್ಸೇವಿಯರ್, ಚಿಕ್ಕವರು ವಿಕ್ಟರ್, ಇಬ್ಬರೂ ಫ್ರೀರೈಡ್ ವರ್ಲ್ಡ್ ಟೂರ್ ಗೆದ್ದವರು. ಇನ್ನೊಬ್ಬ ಸಹೋದರ ಪಾಲ್ ಹೆನ್ರಿ 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಕ್ರಾಸ್ ಕಂಚು ಗೆದ್ದರು. ಒಂದೇ ಮನೆಯಿಂದ ಮೂವರು! ಅಣ್ಣ ಹೋದ ದಾರಿಯ ಗುರುತು ಹಿಡಿದು ತಮ್ಮ ಇಳಿಯುತ್ತಾನೆ. ಹಿಮದಲ್ಲಿ ಕಲಿಯುವುದು ಹೀಗೆಯೇ. ಪುಸ್ತಕ ಓದಿ ಯಾರೂ ಕಲಿಯಲ್ಲ.

ದೊಡ್ಡದು ಅಂತ ನಾವು ಹೇಳುವ ಸ್ವಿಟ್ಜರ್ಲೆಂಡಿನ ವರ್ಬಿಯೇ ಎಕ್ಸ್‌ಟ್ರೀಮ್ ಸ್ಪರ್ಧೆ ಕೂಡ 1996ರಲ್ಲಿ ಒಂದು ಬೆಟ್ಟ, ಕೆಲವು ಸ್ನೋಬೋರ್ಡರ್‌ಗಳು ಅಷ್ಟರಿಂದ ಶುರುವಾದದ್ದು. ಸ್ಕೀಯರ್‌ಗಳಿಗೆ ಅಲ್ಲಿ ಜಾಗ ಸಿಕ್ಕಿದ್ದು 2004ರಲ್ಲಿ. ವರ್ಲ್ಡ್ ಟೂರ್ ಆದದ್ದು 2008ರಲ್ಲಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಫ್ರೀರೈಡನ್ನು ತನ್ನ ವಿಭಾಗ ಅಂತ ಒಪ್ಪಿಕೊಂಡದ್ದು 2024ರಲ್ಲಿ. ಅಷ್ಟು ವರ್ಷ ಇದನ್ನು ಬದುಕಿಸಿದ್ದು ಗೆಳೆಯರು, ನೆಂಟರು.

ಆ ತಾಯಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹೊರಗಿನಿಂದ ಬಂದವರಿಗೆ ನಿಮ್ಮ ಮನೆ ಒಂದು ಗೋಡೆ ಥರ ಕಾಣುತ್ತದೆ. ಅವರನ್ನು ಒಳಗೆ ಕರೆಯಿರಿ. ಅಂಕ ಕೂಡಿಸುವ ಮೇಜಿಗೆ ಯಾರಾದರೂ ಬೇಕೇ ಬೇಕಲ್ವಾ?

ಕೆಂಪು ಜಾಕೆಟ್

ನಾನು ಸ್ಕೀ ಪ್ಯಾಟ್ರೋಲ್‌ನಲ್ಲಿ, ಅಂದರೆ ಬೆಟ್ಟದ ಸುರಕ್ಷತೆ ನೋಡಿಕೊಳ್ಳುವ ತಂಡದಲ್ಲಿ, ಕೆಲಸ ಮಾಡುತ್ತೇನೆ. ಅಂಕದ ವಿಷಯ ಬಿಡುತ್ತೇನೆ. ನಿಮ್ಮ ಕೊನೆಯ ಎರಡು ವಾಕ್ಯ ಓದಿ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಂಕ ತಪ್ಪಾದರೆ ಪದಕ ಹೋಗುತ್ತದೆ. ಇಳಿಜಾರು ತೆರೆಯುವ ನಿರ್ಧಾರ ತಪ್ಪಾದರೆ ಮಗು ಹೋಗುತ್ತದೆ.

ನಿಮ್ಮ ಅಣ್ಣನಿಗೆ ಬೆಟ್ಟ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಾ ಚೆನ್ನಾಗಿ ಗೊತ್ತು, ಅಲ್ಲೇ ತೊಂದರೆ ಇರುವುದು. ಇಯಾನ್ ಮೆಕ್‌ಕ್ಯಾಮನ್ ಅಂತ ಒಬ್ಬರು ಅಮೆರಿಕದ ನೂರಾರು ಹಿಮಕುಸಿತ ಅಪಘಾತಗಳನ್ನು ತೆಗೆದು ನೋಡಿ, ತಿಳಿದವರೇ ಯಾಕೆ ಸಿಕ್ಕಿಬೀಳುತ್ತಾರೆ ಅಂತ ಹುಡುಕಿದರು. ಅವರು ಗುರುತಿಸಿದ ಬಲೆಗಳಲ್ಲಿ ಒಂದು, ಪರಿಚಯದ ಜಾಗ. ಇನ್ನೊಂದು, ಗುಂಪಿನಲ್ಲಿ ಹಿರಿಯರೊಬ್ಬರು ಹೇಳಿದರು ಅಂತ ಉಳಿದವರು ಬಾಯಿ ಮುಚ್ಚಿಕೊಳ್ಳುವುದು. ಮತ್ತೊಂದು, ಇಷ್ಟೆಲ್ಲ ತಯಾರಿ ಆಗಿದೆ, ಈಗ ಹಿಂದೆ ಹೋಗುವುದು ಹೇಗೆ ಅನ್ನೋದು. ಹನ್ನೊಂದು ವರ್ಷದಿಂದ ಒಂದೇ ಇಳಿಜಾರು, ಎಲ್ಲರೂ ಗೌರವಿಸುವ ಅಣ್ಣ, ಕೆಳಗೆ ಕಾಯುತ್ತಿರುವ 38 ಜನ. ಮೂರೂ ಬಲೆ ಒಂದೇ ಬೆಳಿಗ್ಗೆ ಹಾಸಿದ ಹಾಗಾಯಿತು. ಅದೂ ಅಲ್ಲದೆ, ಮನೆಯೊಳಗೆ ತಂಗಿ ಅಣ್ಣನಿಗೆ "ಇವತ್ತು ಬೇಡ" ಅಂತ ಹತ್ತು ಜನರ ಮುಂದೆ ಹೇಳುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಫ್ರೀರೈಡ್ ಮಾಡುವ ಇಳಿಜಾರು ಸಾಮಾನ್ಯವಾಗಿ 35ರಿಂದ 45 ಡಿಗ್ರಿ. ಹಿಮ ಹಲಗೆ ಹಲಗೆಯಾಗಿ ಜಾರುವುದೂ ಜಾಸ್ತಿ 30ರಿಂದ 45 ಡಿಗ್ರಿಯ ಒಳಗೇ. ಅಂದರೆ ನಮಗೆ ಇಷ್ಟವಾಗುವ ಜಾಗವೇ ಅದಕ್ಕೂ ಇಷ್ಟ. ಹಿಮಕುಸಿತದ ಅಪಾಯದ ಮಾಪಕದಲ್ಲಿ ಐದು ಹಂತ. 5 ಅಂದರೆ ಎಲ್ಲರೂ ಮನೆಯಲ್ಲೇ ಇರುತ್ತಾರೆ. ಆಲ್ಪ್ಸ್‌ನಲ್ಲಿ ಜೀವ ಜಾಸ್ತಿ ಹೋಗುವುದು 3ನೇ ಹಂತದ ದಿನಗಳಲ್ಲಿ, ಯಾಕೆಂದರೆ ಅವತ್ತು ಹೊರಗೆ ಹೋಗಬಹುದು ಅನಿಸುತ್ತದೆ. ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅಲ್ಲಿಂದ ಮುಂದೆ ಪ್ರತಿ ನಿಮಿಷಕ್ಕೂ ಆಸೆ ಬೇಗ ಬೇಗ ಕರಗುತ್ತದೆ.

ನಮ್ಮಲ್ಲಿ ಇರುವ ನಿಯಮ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ತೆರೆಯಲು ಮೂವರೂ ಹೂಂ ಅನ್ನಬೇಕು. ಮುಚ್ಚಲು ಒಬ್ಬರು ಸಾಕು. ಮುಚ್ಚಿದವರನ್ನು ಅವತ್ತು ಯಾರೂ ಕಾರಣ ಕೇಳಿ ಪೀಡಿಸುವ ಹಾಗಿಲ್ಲ. ಮೂವರಲ್ಲಿ ಒಬ್ಬರಿಗಾದರೂ ಅವತ್ತು ಇಳಿಯುವವರಲ್ಲಿ ಮಕ್ಕಳು, ನೆಂಟರು ಇರಬಾರದು. ಅಣ್ಣ ಇರಲಿ, ಆದರೆ ಒಬ್ಬರೇ ಇರಬಾರದು. ಸ್ಟಾರ್ಟ್ ಗೇಟಿನಲ್ಲಿ ಪ್ರತಿಯೊಬ್ಬರ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಯಂತ್ರ) ಕೂಗುತ್ತಿದೆಯಾ ಅಂತ ಇನ್ನೊಂದು ಟ್ರಾನ್ಸೀವರ್ ಹಿಡಿದು ನೋಡಿ. ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಚೀಲದೊಳಗೆ ಇದೆಯಾ ಅಂತ ಚೀಲ ತೆರೆಸಿ ನೋಡಿ. ನಿಮ್ಮ ಮನೆಯವರದ್ದನ್ನೂ ತೆರೆಸಿ. ಮನೆಯವರದ್ದನ್ನೇ ನಾವು ಬಿಟ್ಟುಬಿಡುವುದು.

ಕೆಳಗಿನಿಂದ ನೋಡುವವಳು

ಮೂವರಿಗೂ ಮನಸಾರೆ ಧನ್ಯವಾದ. ಹಳೇ ಜಡ್ಜ್ ಸರ್, ನಿಮ್ಮ ಲೆಕ್ಕವನ್ನು ಕಾಗದದಲ್ಲಿ ಎರಡು ಸಲ ಹಾಕಿ ನೋಡಿದೆ. ಸುಮ್ಮನಿದ್ದರೆ ತಪ್ಪೇನೂ ಆಗಲ್ಲ ಅಂತ ಇಷ್ಟು ದಿನ ನಂಬಿದ್ದೆ.

ಕೆಂಪು ಜಾಕೆಟ್ ಅವರೇ, ನಿಮ್ಮ ಬರಹವನ್ನು ಅಣ್ಣನಿಗೆ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ತನಗೆ ಸರಿ ಅನಿಸದೆಯೂ ತೆರೆದಿದ್ದೆ ಅಂದ. ಅವತ್ತು ಏನೂ ಆಗಲಿಲ್ಲ. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ. ಅವನೊಬ್ಬನೇ ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದಾನೆ.

ಬಿಬ್ ನಂಬರ್ ಒಂದು

ಇಲ್ಲಿ ಎಲ್ಲರೂ ದೊಡ್ಡವರ ಕಡೆಯಿಂದ ಬರೆದಿದ್ದೀರಿ. ನಾನು ಆ ಹುಡುಗಿಯ ಜಾಗದಲ್ಲಿ ಇದ್ದವಳು, ಅದಕ್ಕೆ ನಾಲ್ಕು ಮಾತು.

ನಮ್ಮ ಕಡೆಯ ಸ್ಪರ್ಧೆ ನಡೆಸುತ್ತಿದ್ದದ್ದು ನಮ್ಮಪ್ಪ. ನಾನು ಹದಿಮೂರರಿಂದ ಹದಿನೆಂಟರ ತನಕ ಇಳಿದೆ. ಎರಡು ಸಲ ಗೆದ್ದೆ. ಎರಡು ಸಲವೂ ಚಪ್ಪಾಳೆ ಸ್ವಲ್ಪ ತಡವಾಗಿ ಬಂತು. ಅದು ಹೊರಗಿನವರಿಗೆ ಕೇಳಿಸಲ್ಲ, ಮೇಲೆ ನಿಂತವರಿಗೆ ಕೇಳಿಸುತ್ತದೆ. ಸೋತಾಗ ಮಾತ್ರ ಎಲ್ಲರೂ ಬಂದು ಪ್ರೀತಿಯಿಂದ ಬೆನ್ನು ತಟ್ಟುತ್ತಿದ್ದರು. ಒಂದು ವರ್ಷ ನಾನು ಬೇಕಂತಲೇ ಸುಲಭದ ಲೈನ್ ತೆಗೆದುಕೊಂಡೆ, ಮೂರನೆಯವಳಾಗಿ ಎಲ್ಲರ ಜೊತೆ ಖುಷಿಯಾಗಿ ಇರೋಣ ಅಂತ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅಳು ಬರುತ್ತದೆ. ಆ ವರ್ಷ ನನ್ನ ಕಾಲು ತುಂಬಾ ಚೆನ್ನಾಗಿತ್ತು. ಹಿಮವೂ ಚೆನ್ನಾಗಿತ್ತು.

ಆಮೇಲೆ ದೂರದ ಸ್ಪರ್ಧೆಗಳಿಗೆ ಹೋಗಲು ಶುರು ಮಾಡಿದೆ. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೊದಲನೇ ಸ್ಪರ್ಧೆಯಲ್ಲಿ ಹದಿನಾಲ್ಕನೆಯವಳು. ಆ ಹದಿನಾಲ್ಕು ಪೂರ್ತಿ ನನ್ನದು.

ಮೇಡಂ, ನೀವು ಜಡ್ಜ್ ಆಗಬೇಕಾ ಬೇಡವಾ ಅಂತ ನಮ್ಮನ್ನೆಲ್ಲ ಕೇಳಿದಿರಿ. ಅವಳನ್ನು ಕೇಳಿದಿರಾ?

ಕೆಳಗಿನಿಂದ ನೋಡುವವಳು

ಸ್ಪರ್ಧೆ ಮುಗಿದು ನಾಲ್ಕು ದಿನ ಆಯಿತು. ಏನಾಯಿತು ಅಂತ ಹೇಳದಿದ್ದರೆ ನಿಮಗೆಲ್ಲ ಅನ್ಯಾಯ ಮಾಡಿದ ಹಾಗಾಗುತ್ತದೆ.

ಬಿಬ್ ನಂಬರ್ ಒಂದು ಕೇಳಿದ ಮೇಲೆ ಅವಳನ್ನು ಕೇಳಿದೆ. ಚೇರ್‌ಲಿಫ್ಟ್‌ನಲ್ಲಿ ಇಬ್ಬರೇ ಇದ್ದೆವು. "ನಾನು ಜಡ್ಜ್ ಆದರೆ ನಿನಗೆ ಬೇಜಾರಾ?" ಅಂದೆ. ಅವಳು ಸ್ಕೀ ತುದಿಗಳನ್ನು ಒಂದಕ್ಕೊಂದು ತಟ್ಟಿ ಹಿಮ ಉದುರಿಸುತ್ತಾ ಕೂತಿದ್ದಳು. "ಅತ್ತೆ, ನೀನು ಕೂತರೆ ನಾನು ಚಿಕ್ಕ ಬಂಡೆ ಹಾರುತ್ತೀನಿ. ನಿನಗೆ ಹೆದರಿಕೆ ಆಗುತ್ತೆ ಅಂತ ಗೊತ್ತು" ಅಂದಳು.

ನನ್ನ ಕಣ್ಣು ಅವಳ ಅಂಕ ಕೆಡಿಸುತ್ತದೆ ಅಂತ ನಾನು ಯೋಚಿಸುತ್ತಿದ್ದೆ. ಅದು ಅವಳ ಲೈನನ್ನೇ ಬದಲಾಯಿಸುತ್ತದೆ ಅಂತ ಹೊಳೆದಿರಲಿಲ್ಲ. ಲಿಫ್ಟ್ ಇಳಿಯುವ ತನಕ ನನಗೆ ಮಾತು ಬರಲಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಗಂಡಸರ ಮತ್ತು ಹುಡುಗರ ವಿಭಾಗಕ್ಕೆ ನಾನು ಕೂತೆ. ಹುಡುಗಿಯರ ವಿಭಾಗಕ್ಕೆ ನಾನೂ ಅತ್ತಿಗೆಯ ತಮ್ಮನೂ ಇಬ್ಬರೂ ಎದ್ದು, ಬೇರೆ ಕಡೆಯಿಂದ ಬಂದ ಇಬ್ಬರು ಕೋಚ್‌ಗಳಿಗೆ ಜಾಗ ಕೊಟ್ಟೆವು. ಅವರ ಜೊತೆ ಬಂದಿದ್ದವರೆಲ್ಲ ಹುಡುಗರೇ. ಅಂಕ ಕೂಡಿಸುವ ಮೇಜಿಗೆ ಆ ತಾಯಿಗೆ ಫೋನ್ ಮಾಡಿ ಕರೆದೆ. ಕೈ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟು ಗಂಟೆಗೆ ಬರಬೇಕು ಅಂತಷ್ಟೇ ಕೇಳಿದರು. ಬರುವಾಗ ಚೂಪು ಮಾಡಿದ ಆರು ಪೆನ್ಸಿಲ್ ತಂದಿದ್ದರು. ಒಬ್ಬ ಹುಡುಗನ ಹಾಳೆಯಲ್ಲಿ ನಾನೇ 63ರ ಜಾಗದಲ್ಲಿ 36 ಬರೆದಿದ್ದೆ. ಹಿಡಿದದ್ದು ಅವರು.

ಬೆಳಿಗ್ಗೆಯ ನಿರ್ಧಾರಕ್ಕೆ ಅಣ್ಣನ ಜೊತೆ ಇನ್ನಿಬ್ಬರು ನಿಂತರು. ಒಬ್ಬರು ಸ್ಕೀ ಪ್ಯಾಟ್ರೋಲ್‌ನವರು, ಅವರ ಮನೆಯಿಂದ ಯಾರೂ ಇಳಿಯುವವರಿರಲಿಲ್ಲ. ರಾತ್ರಿಯ ಗಾಳಿಗೆ ಎಡಗಡೆಯ ಕೊರಕಲಿನಲ್ಲಿ ಹಿಮ ದಪ್ಪ ಕೂತಿತ್ತು. ಅವರು ಅಂಚಿನಲ್ಲಿ ಗುಂಡಿ ತೋಡಿ ನೋಡಿದರು. ಮೇಲಿನ ಪದರ ಸಲಿಕೆ ತಾಗಿದ್ದೇ ತಡ ಹಲಗೆಯ ಹಾಗೆ ಜಾರಿತು. ಅವರು ಬೇಡ ಅಂದರು, ಅಣ್ಣ ಒಂದೂ ಮಾತಾಡದೆ ಹಗ್ಗ ತೆಗೆದುಕೊಂಡು ಕೊರಕಲನ್ನು ಮುಚ್ಚಲು ಹೊರಟ. ಎರಡು ಗಂಟೆ ತಡವಾಯಿತು. ಯಾರೂ ಗೊಣಗಲಿಲ್ಲ. ಮಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಲೈನ್ ಆ ಕೊರಕಲಿನದ್ದೇ ಅಂತ ಅಣ್ಣನಿಗೆ ಗೊತ್ತಿತ್ತು.

ಅವಳು ಮತ್ತೆ ಕೆಳಗೆ ಬಂದು ಬೈನಾಕ್ಯುಲರ್ ಹಿಡಿದು ಮುಕ್ಕಾಲು ಗಂಟೆ ನಿಂತಳು. ಬಲಗಡೆಯ ಏಣಿನ ಮೇಲೆ ಹೊಸ ದಾರಿ ಹುಡುಕಿದಳು. ಸ್ಟಾರ್ಟ್ ಗೇಟಿನಲ್ಲಿ ಅವಳ ಚೀಲವನ್ನು ತೆರೆಸಿ ನೋಡಿದರಂತೆ. ಪ್ರೋಬ್ ಕೋಲು ಇರಲಿಲ್ಲ! ಹಿಂದಿನ ದಿನ ಒಣಗಲು ತೆಗೆದವಳು ವಾಪಸ್ ಇಟ್ಟಿರಲಿಲ್ಲ. ಬೇರೆಯವರದ್ದು ಕೊಟ್ಟು ಕಳಿಸಿದರು. ಕೆಂಪು ಜಾಕೆಟ್ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ.

ಅವಳ ಸರದಿ ಬಂದಾಗ ಅಪ್ಪನ ಹತ್ತಿರ ಹೋಗಿ ಪಟ್ಟಿ ಇಸಿದುಕೊಂಡು ನನ್ನ ಬೈನಾಕ್ಯುಲರ್ ಅವರ ಕೈಗೆ ಕೊಟ್ಟೆ. ಹನ್ನೊಂದು ವರ್ಷದಿಂದ ಅವರು ಹೆಸರುಗಳಿಗೆ ಗುರುತು ಹಾಕುತ್ತಾ ತಲೆ ಬಗ್ಗಿಸಿಯೇ ಇದ್ದರು. ಮೊಮ್ಮಗಳು ಇಳಿಯುವುದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ವಾಕಿಟಾಕಿಯಲ್ಲಿ ಮೂರು, ಎರಡು, ಒಂದು ಕೇಳಿತು. ನಾನು ಪಟ್ಟಿಯನ್ನೇ ನೋಡುತ್ತಾ ನಿಂತೆ. ಅಪ್ಪ ಜೋರಾಗಿ ಉಸಿರು ಎಳೆದುಕೊಂಡರು. ಆಮೇಲೆ "ಕೈ ಊರಿದಳು, ಎದ್ದಳು, ಬರುತ್ತಿದ್ದಾಳೆ" ಅಂದರು. ಹಿಮ ಕೊರೆಯುವ ಸದ್ದು ಹತ್ತಿರ ಬಂತು. ಅವಳ ಹೆಸರಿನ ಮುಂದೆ ಗುರುತು ಹಾಕಿದೆ.

ಅವಳಿಗೆ 66 ಬಂತು, ಮೂರನೇ ಸ್ಥಾನ. ಹಾರಿ ಇಳಿದಾಗ ಹಿಂದಕ್ಕೆ ವಾಲಿ ಕೈ ಊರಿದ್ದಕ್ಕೆ ಅಂಕ ಹೋಯಿತು. ಹೋಗಲೇಬೇಕಿತ್ತು. ಆ ತಾಯಿಯ ಮಗಳು ಎರಡನೆಯವಳು. ಮೊದಲನೆಯವಳು ಬೇರೆ ಬೆಟ್ಟದಿಂದ ಬಂದ ಹುಡುಗಿ, ಎಷ್ಟು ಚೆಂದ ಇಳಿದಳು ಅಂದರೆ ಎಲ್ಲರೂ ಎದ್ದು ನಿಂತೆವು.

ಅವತ್ತು ರಾತ್ರಿ ಅಮ್ಮನ ಅಡುಗೆಮನೆಯಲ್ಲಿ ಹಾಳೆಗಳನ್ನು ಜೋಡಿಸುತ್ತಿದ್ದಾಗ ಅಣ್ಣನ ಮಗಳಿಗೆ ನನ್ನ ಕಳೆದ ವರ್ಷದ ಹಾಳೆ ಸಿಕ್ಕಿತು. ಅರ್ಧಕ್ಕೆ ನಿಂತ ಗೆರೆ ನೋಡಿ, ಇದು ಯಾರದ್ದು ಅಂತ ಕೇಳಿದಳು. ನಿನ್ನದೇ ಅಂದೆ. ಯಾಕೆ ಪೂರ್ತಿ ಇಲ್ಲ ಅಂತ ಕೇಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಎರಡನೇ ಬಂಡೆಯಿಂದ ಕೆಳಗೆ ಎಳೆಯಲು ಶುರು ಮಾಡಿದಳು. ಇಲ್ಲಿ ಎಡಕ್ಕೆ ಉದ್ದ ತಿರುವು. ಇಲ್ಲಿ ಹಿಮ ಗಟ್ಟಿ ಇತ್ತು, ಸ್ಕೀ ಕಿರುಗುಟ್ಟಿತು. ಇಲ್ಲಿ ಚಿಕ್ಕದೊಂದು ಹಾರಿದೆ, ಯಾರೂ ನೋಡಿರಲ್ಲ. ಇಲ್ಲಿ ಅಜ್ಜನ ಟೋಪಿ ಕಾಣಿಸಿತು. ಗೆರೆ ಬಿದಿರು ಕೋಲಿನ ತನಕ ಹೋಯಿತು.

ಹಾಳೆಯನ್ನು ಅವಳೇ ಇಟ್ಟುಕೊಂಡಿದ್ದಾಳೆ. ಬೂಟಿನ ಚೀಲದಲ್ಲಿ, ಪದಕದ ಜೊತೆ.